ಬಡಿದರೆ ಒಳಗೆ ಹೋಗಬಾರದು

ನೋರೀನ್ ಕಾರನ್ನು ಚರ್ಚಿನ ಹಿಂದೆ ನಿಲ್ಲಿಸಿ ದೀಪ ಆರಿಸಿದಳು. ರಾತ್ರಿ ಹತ್ತೂವರೆ. ನವೆಂಬರ್ ತಿಂಗಳು. ಅಲ್ಲಿಂದ ಆ ಮನೆಗೆ ಅರ್ಧ ಮೈಲಿ. ನಡೆದೇ ಹೋಗಬೇಕು. ಕಾರಿನ ಬೆಳಕು ಕಂಡರೆ ಒಳಗಿನವರು ಎಚ್ಚರವಾಗುತ್ತಾರೆ. ಹಾಸಿಗೆ ಬದಲಿಸುತ್ತಾರೆ, ಕಡತ ಸರಿಮಾಡುತ್ತಾರೆ. ಹೇಳದೆ ಹೋದರೆ ಅದು ತಪಾಸಣೆ. ಹೇಳಿ ಹೋದರೆ ನೆಂಟರ ಭೇಟಿ.

ನೋರೀನ್ ನನ್ನ ಚಿಕ್ಕಪ್ಪನ ಮಗಳು. ಮಾತು ಬಾರದವರು, ತಾವಾಗಿ ಏಳಲಾಗದವರು, ಊಟಕ್ಕೂ ಇನ್ನೊಬ್ಬರ ಕೈ ಬೇಕಾದವರು... ಇಂಥ ದೊಡ್ಡವರನ್ನು ಇಟ್ಟು ನೋಡಿಕೊಳ್ಳುವ ಮನೆಗಳಿವೆಯಲ್ಲ, ಅಲ್ಲಿಗೆ ಹೋಗಿ ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಅಂತ ಬರೆಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಮಾಡಿದಳು. ಸುಳ್ಳು ಹೇಳುವವಳಲ್ಲ. ಕುಡಿಯುವವಳೂ ಅಲ್ಲ. ಇದನ್ನು ನನಗೆ ಹೇಳಿದ್ದು ಒಮ್ಮೆ ಮಾತ್ರ, ನನ್ನ ಅಡುಗೆಮನೆಯ ಒಲೆಯ ಮುಂದೆ.

ಆ ಮನೆಗೆ ಅವಳು ಹಿಂದಿನ ವರ್ಷವೂ ಹೋಗಿದ್ದಳು. ಹಗಲು ಹೊತ್ತಿನಲ್ಲಿ. ಆಗ ನಾಲ್ಕನೇ ಕೋಣೆಯಲ್ಲಿ ಫೊನ್ಸಿ ಇದ್ದ. ಐವತ್ತು ದಾಟಿದವನು. ಮಾತಿಲ್ಲ. ಅವನಿಗೊಂದು ನೀಲಿ ಎನಾಮಲ್ ಲೋಟ. ಅದನ್ನು ಕೈಬಿಟ್ಟವನಲ್ಲ. ಗೋಡೆಯ ಹೀಟರಿಗೆ ಬಿಸಿನೀರು ತರುವ ಕಬ್ಬಿಣದ ಕೊಳವೆಗೆ ಅದರಿಂದ ಬಡಿಯುತ್ತಿದ್ದ.

ಠಣ್... ಠಣ್... ಠಣ್.

ಮೂರು. ಆಮೇಲೆ ಸುಮ್ಮನೆ. ಮತ್ತೆ ಮೂರು.

"ಅದೇನು?" ಅಂತ ನೋರೀನ್ ಕೇಳಿದ್ದಳು.

"ಅಭ್ಯಾಸ ಮೇಡಂ," ಅಂದಿದ್ದಳು ಮನೆಯ ಮೇಲ್ವಿಚಾರಕಿ. "ಎಲ್ಲರೂ ತನ್ನನ್ನೇ ನೋಡ್ಲಿ ಅಂತ. ಹೋದ್ರೆ ಇನ್ನೂ ಜಾಸ್ತಿ ಆಗುತ್ತೆ."

ನೋರೀನ್ ವರದಿಯಲ್ಲಿ ಬರೆದಳು... 'ಇಲ್ಲಿನವರು ತಮ್ಮ ಬೇಕು ಬೇಡ ಹೇಳಿಕೊಳ್ಳುವ ಬಗೆ ಸಿಬ್ಬಂದಿಗೆ ಚೆನ್ನಾಗಿ ಗೊತ್ತಿದೆ.' ಸಹಿ ಹಾಕಿದಳು.

ಎಂಟನೇ ದಿನ ಫೊನ್ಸಿ ಸತ್ತ. ರಾತ್ರಿ ಹಾಸಿಗೆಗೂ, ಬೀಳದಿರಲಿ ಅಂತ ಮಂಚದ ಪಕ್ಕಕ್ಕೆ ಹಾಕಿದ ಕಂಬಿಗೂ ನಡುವೆ ಜಾರಿ ಕುತ್ತಿಗೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ನೋಡಿದರು. ಲೋಟ ಕೈಯಲ್ಲೇ ಇತ್ತು.

ಮಣ್ಣು ಮಾಡಿದ ದಿನ ಚರ್ಚಿನ ಗೇಟಿನ ಹತ್ತಿರ ಅವನ ಅಕ್ಕ ಟೆಸ್ಸಿ ನೋರೀನಳ ತೋಳು ಹಿಡಿದಳು.

"ಮೂರು ಸಲ ಬಡಿದ್ರೆ 'ಬಾ' ಅಂತ ಕಣಮ್ಮಾ. ಮಗು ಇದ್ದಾಗಿಂದ್ಲೂ ಹಾಗೇ. ನೀನೂ ಕೇಳಿಸ್ಕೊಂಡ್ಯಂತೆ?"

"ಕೇಳಿಸ್ಕೊಂಡೆ."

"ಕೇಳಿಸ್ಕೊಂಡು?"

ನೋರೀನ್ ತೋಳು ಬಿಡಿಸಿಕೊಂಡು ಕಾರಿನ ಕಡೆ ನಡೆದಳು.

ವರ್ಷ ಕಳೆಯಿತು. ಒಂದು ದಿನ ಟೆಸ್ಸಿಯೇ ಫೋನು ಮಾಡಿದಳು. ತಮ್ಮನ ಅಂಗಿಗಳನ್ನು ತರಲು ಹೋಗಿದ್ದಳಂತೆ. ಅವನ ಕೋಣೆಯಲ್ಲಿ ಈಗ ಬ್ರೀಜಿ ಅಂತ ಒಬ್ಬಳು. ನಲವತ್ತರವಳು. ಮಾತಿಲ್ಲ. ಹಿಂದೆ ಮುಂದೆ ಯಾರೂ ಇಲ್ಲ.

"ಅದೇ ಮಂಚ. ಅದೇ ಕಂಬಿ. ಅವಳಿಗೆ ಅಕ್ಕ ತಂಗಿ ಯಾರೂ ಇಲ್ಲ ಕಣೇ, ನಿನ್ನ ತೋಳು ಹಿಡಿಯೋಕೆ. ಈ ಸಲ ಹಗಲು ಹೋಗ್ಬೇಡ."

ಅದಕ್ಕೇ ಆ ರಾತ್ರಿ ಹೋದದ್ದು.

ದಾರಿಯಲ್ಲಿ ಪುಣ್ಯಬಾವಿ ಇದೆ. ಪಕ್ಕದಲ್ಲೊಂದು ಮುಳ್ಳುಮರ. ವಾಸಿಯಾಗಲಿ ಅಂತ ಕಾಯಿಲೆಯವರ ಬಟ್ಟೆಯ ಚೂರುಗಳನ್ನು ಅದಕ್ಕೆ ಕಟ್ಟುತ್ತೇವೆ. ಬಾವಿಯ ಕಲ್ಲಿಗೆ ಸರಪಳಿ, ಸರಪಳಿಗೆ ತಗಡಿನ ಲೋಟ. ನಾನು ಹುಟ್ಟುವ ಮೊದಲಿಂದಲೂ ಹಾಗೇ.

ಗಾಳಿ ಇರಲಿಲ್ಲ. ಮರದ ಮೇಲಿನ ಬಟ್ಟೆ ಚೂರು ಒಂದೂ ಅಲ್ಲಾಡುತ್ತಿರಲಿಲ್ಲ.

ಠಣ್... ಠಣ್... ಠಣ್.

ಬಾವಿಯ ಲೋಟ ಕಲ್ಲಿಗೆ ತಾಗುತ್ತಿದೆ ಅಂದುಕೊಂಡಳು. ಬಗ್ಗಿ ಅದನ್ನು ಹಿಡಿದಳು. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಬಿಗಿಯಾಗಿ ಹಿಡಿದುಕೊಂಡೇ ನಿಂತಳು...

ಠಣ್... ಠಣ್... ಠಣ್.

ಲೋಟ ಅವಳ ಮುಷ್ಟಿಯಲ್ಲೇ ಇತ್ತು. ಸದ್ದು ಮುಂದಿನಿಂದ ಬಂತು, ಆ ಮನೆಯ ಕಡೆಯಿಂದ. ಮನೆ ಇನ್ನೂ ಕಾಲು ಮೈಲಿ ದೂರ. ನವೆಂಬರಿನ ಚಳಿ. ಕಿಟಕಿ ಯಾರೂ ತೆರೆದಿಡುವುದಿಲ್ಲ.

ಉಳಿದ ದಾರಿ ಓಡಿದಳಂತೆ. ಐವತ್ತೆಂಟು ವಯಸ್ಸು ಅವಳಿಗೆ.

ಬಾಗಿಲು ತೆರೆದವನು ಕೋಲ್ಮನ್. ರಾತ್ರಿಪಾಳಿಯವನು. ದಪ್ಪ ಸ್ವೆಟರು, ನಿದ್ದೆಗಣ್ಣು.

"ದೇವರೇ! ಈ ಹೊತ್ತಲ್ಲಿ ಬಾಗಿಲು ತಟ್ಟೋದು ಪಾದ್ರಿ, ಇಲ್ಲಾ ಪೊಲೀಸು."

"ಎರಡೂ ಅಲ್ಲ. ತಪಾಸಣೆ."

"ಅವರೇ ವಾಸಿಯಿತ್ತು ಬಿಡಿ." ಗುರುತಿನ ಚೀಟಿ ನೋಡಿ ಪಕ್ಕಕ್ಕೆ ಸರಿದ. "ಮೆಲ್ಲಗೆ ಬನ್ನಿ ಮೇಡಂ. ಎಲ್ಲ ಮಲಗಿದಾರೆ."

"ನೀವೊಬ್ಬರೇನಾ?"

"ಒಬ್ಬನೇ. ಐದು ಜನ, ಹನ್ನೆರಡು ಗಂಟೆ. ಮೊದಲು ಡೇರಿಯಲ್ಲಿದ್ದೆ. ಅಲ್ಲಿ ಐವತ್ತು ಹಸುಗಳಿಗೆ ಮೂರು ಜನ ಇದ್ವಿ."

ಅವನು ನಕ್ಕ. ಅವಳು ನಗಲಿಲ್ಲ. ಒಳಗಿನಿಂದ ಸದ್ದು ಬಂತು. ಠಣ್... ಠಣ್... ಠಣ್. ಎನಾಮಲ್ ಲೋಟ ಕಬ್ಬಿಣಕ್ಕೆ ಬಡಿದ ಸದ್ದು. ಕೊನೆಯಲ್ಲಿ ಕೊಳವೆಯೊಳಗೆ ಗುಂಯ್ ಅಂತ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಅದೂ.

"ಅದು ಯಾರು?" ಪಿಸುಗುಟ್ಟಿದಳು.

"ಬ್ರೀಜಿ. ನಾಲ್ಕನೇ ಕೋಣೆ. ಅಭ್ಯಾಸ."

ಅದೇ ಮಾತು.

ನೋರೀನ್ ನಾಲ್ಕನೇ ಕೋಣೆಯ ಬಾಗಿಲಿಗೆ ಹೋದಳು. ಬೆರಳಿನಿಂದ ತಟ್ಟಿದಳು. "ಬ್ರೀಜಿ? ನಾನು ಒಳಗೆ ಬರ್ಲಾ?"

ಉತ್ತರ ಇಲ್ಲ. ಸದ್ದೂ ನಿಂತಿತ್ತು.

ತಪಾಸಣೆಯವರಲ್ಲಿ ಒಂದು ಕಟ್ಟಳೆ. ಕೋಣೆ ಅಂದರೆ ಅಲ್ಲಿರುವವರ ಮನೆ. ಒಪ್ಪಿಗೆ ಇಲ್ಲದೆ ಕಾಲಿಡುವಂತಿಲ್ಲ. ಒಳ್ಳೆಯ ಕಟ್ಟಳೆ. ಮಾತು ಬಾರದವಳ ಒಪ್ಪಿಗೆಯನ್ನು ಬಾಗಿಲ ಹೊರಗೆ ನಿಂತು ಹೇಗೆ ಕೇಳಬೇಕು ಅಂತ ಅದರಲ್ಲಿ ಬರೆದಿಲ್ಲ. ಅಭ್ಯಾಸಬಲ. ಅವಳು ಕಾದಳು. ಆಮೇಲೆ ಅಡುಗೆಮನೆಗೆ ಬಂದು ಬ್ರೀಜಿಯ ಕಡತ ಕೇಳಿದಳು.

ಆ ನಿಮಿಷಗಳನ್ನು ಈಗಲೂ ಎಣಿಸುತ್ತಾಳೆ. ನಾಲ್ಕು ಅನ್ನುತ್ತಾಳೆ.

"ಚಹಾ?" ಅಂದ ಕೋಲ್ಮನ್.

"ಬೇಡ."

"ಒಂದು ತೊಟ್ಟು?"

"ಬೇಡಪ್ಪಾ."

ಆದರೂ ನೀರಿಟ್ಟ. ನಮ್ಮವರೇ ಹಾಗೆ.

ಕಡತದ ಮೊದಲ ಹಾಳೆ ನೋಡಿಕೊಳ್ಳುವ ಬಗೆಯದು. ಓದಿದಳು. 'ರಾತ್ರಿ ಲೋಟದಿಂದ ಬಡಿಯುವ ಅಭ್ಯಾಸವಿದೆ. ಬಡಿದರೆ ಒಳಗೆ ಹೋಗಬಾರದು. ತಾನಾಗಿ ನಿಲ್ಲುತ್ತದೆ.' ಅದರ ಕೆಳಗಿನ ಸಾಲು... 'ಎರಡು ದಿನಕ್ಕೊಮ್ಮೆ ಗಡ್ಡ ಬೋಳಿಸಬೇಕು.'

ಮತ್ತೆ ಓದಿದಳು.

"ಕೋಲ್ಮನ್, ಬ್ರೀಜಿಗೆ ಗಡ್ಡ ಇದೆಯಾ?"

"ಏನ್ ಮೇಡಂ ನೀವು..." ಹಾಳೆ ನೋಡಿದ. ಮುಖ ಸಪ್ಪಗಾಯಿತು. "ಇದು... ಆಫೀಸಿನವರು ಬರೆದದ್ದು. ನಾನು ಬಂದು ಆರು ವಾರ ಅಷ್ಟೆ."

ಫೊನ್ಸಿಯ ಹಾಳೆ. ಮೇಲಿನ ಹೆಸರು ಮಾತ್ರ ಬದಲಿಸಿ ಬ್ರೀಜಿಗೆ ಹಚ್ಚಿದ್ದರು. ಎಷ್ಟೋ ಮನೆಗಳಲ್ಲಿ ಹೀಗೇ. ಹೊಸದಾಗಿ ಬರೆಯಲು ಯಾರಿಗೂ ಪುರುಸೊತ್ತಿಲ್ಲ.

ಠಣ್... ಠಣ್... ಠಣ್.

ನೋರೀನ್ ಹಾಳೆಗಳನ್ನು ತಿರುವಿದಳು. ಹಿಂದೆಲ್ಲೋ ಡಾಕ್ಟರ ಚೀಟಿ ಸಿಕ್ಕಿತು. ಅದು ಬ್ರೀಜಿಯದೇ. 'ಎರಡೂ ಕೈ ಹುಟ್ಟಿನಿಂದ ಮಡಚಿಕೊಂಡಿವೆ. ಬೆರಳು ಬಿಚ್ಚುವುದಿಲ್ಲ. ಏನನ್ನೂ ಹಿಡಿಯಲಾರಳು.'

"ಅವಳು ಲೋಟ ಹೇಗೆ ಹಿಡೀತಾಳೆ?"

"ಆಂ?"

"ಬಡಿಯೋದನ್ನ ನೀವು ಕಣ್ಣಾರೆ ನೋಡಿದೀರಾ?"

ಕೋಲ್ಮನ್ ತಡೆದು ತಡೆದು ಹೇಳಿದ. "ಇಲ್ಲ... ಬಡಿಯೋವಾಗ ಒಳಗೆ ಹೋಗಬಾರದಲ್ಲ. ಹಾಳೆಯಲ್ಲಿದೆ."

ಠಣ್ ಠಣ್ ಠಣ್. ಠಣ್ ಠಣ್ ಠಣ್. ಈಗ ನಡುವೆ ಬಿಡುವಿರಲಿಲ್ಲ. ಮೇಜಿನ ಮೇಲಿನ ಚಮಚ ಅದುರಿತು. ಅಡುಗೆಮನೆಯ ಕೊಳವೆಯೂ ಗುಂಯ್ ಅಂದಿತು.

"ಬಾಗಿಲು ತೆಗಿ."

"ಮೇಡಂ, ನನ್ನ ಕೆಲಸ ಹೋಗುತ್ತೆ..."

"ತೆಗಿ ಅಂದೆ!"

ಅವನು ಏಳುವ ಮೊದಲೇ ಅವಳು ಓಡಿದ್ದಳು. ಒಪ್ಪಿಗೆ ಕೇಳಲಿಲ್ಲ. ಭುಜದಿಂದ ಬಾಗಿಲು ದೂಡಿದಳು.

ಬಾಗಿಲು ತೆರೆದದ್ದೇ ತಡ, ಸದ್ದು ನಿಂತಿತು. ಕತ್ತರಿಸಿದ ಹಾಗೆ.

ದೀಪ ಹಾಕಿದಳು. ಬ್ರೀಜಿ ಹಾಸಿಗೆಗೂ ಕಂಬಿಗೂ ನಡುವೆ ಜಾರಿದ್ದಳು. ಕುತ್ತಿಗೆ ಕಂಬಿಯ ಮೇಲೆ. ಕಣ್ಣು ತೆರೆದಿತ್ತು. ತುಟಿ ನೀಲಿ. ಮಡಚಿದ ಎರಡು ಮುಷ್ಟಿ ಎದೆಗೆ ಒತ್ತಿಕೊಂಡಿದ್ದವು. ಉಸಿರಿನ ಸದ್ದಿಲ್ಲ.

"ಎತ್ತು! ತಲೆ ಹಿಡಿ! ತಲೆ!"

ಇಬ್ಬರೂ ಎತ್ತಿದರು. ಮಗ್ಗುಲಿಗೆ ಮಲಗಿಸಿದರು. ನೋರೀನ್ ಬೆನ್ನು ಉಜ್ಜಿದಳು, ಹೆಸರು ಹಿಡಿದು ಕರೆದಳು. ಒಂದು... ಎರಡು... ಮೂರು... ಎಷ್ಟು ಎಣಿಸಿದಳೋ ಅವಳಿಗೇ ಗೊತ್ತಿಲ್ಲ. ಆಮೇಲೆ ಹರಿದ ತಿದಿಯ ಹಾಗೆ 'ಹ್ಹೂ...' ಅಂತ ಒಂದು ಉಸಿರು.

ಕೋಲ್ಮನ್ ನೆಲದ ಮೇಲೇ ಕುಳಿತ.

"ಆಂಬುಲೆನ್ಸಿಗೆ ಹೇಳು," ಅಂದಳು ನೋರೀನ್. ಅವನು ಫೋನು ಮಾಡಿದ. ಬಂದು ಮತ್ತೆ ಅಲ್ಲೇ ಕುಳಿತ.

"ಎಷ್ಟು ರಾತ್ರಿಯಿಂದ ಬಡೀತಿತ್ತು?"

"ದಿನಾ."

"ದಿನಾ ಅಂದ್ರೆ?"

"ನಾನು ಬಂದಾಗಿಂದ. ಎಲ್ಲ ಬರೆದಿಟ್ಟಿದೀನಿ ಮೇಡಂ. ನಾನು ಸುಳ್ಳು ಬರೆಯಲ್ಲ." ಅಳುತ್ತಿದ್ದ. "ಬೆಳಿಗ್ಗೆ ನೋಡಿದ್ರೆ ಕುತ್ತಿಗೆ ಹತ್ರ ಕೆಂಪಗೆ ಇರ್ತಿತ್ತು. ಹಾಸಿಗೆ ಒತ್ತಿದ ಗುರುತು ಅಂತ ಅದನ್ನೂ ಬರೆದೆ. ಅವಳಾಗೇ ಒದ್ದಾಡಿ ಬಿಡಿಸ್ಕೊಳ್ತಿದ್ಲು ಅಂತ ಕಾಣುತ್ತೆ... ನಾನಿಲ್ಲಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತು ಬರೀತಿದ್ದೆ."

ರಾತ್ರಿಪಾಳಿಯ ಪುಸ್ತಕವನ್ನು ನೋರೀನ್ ಆಮೇಲೆ ನೋಡಿದಳು. ನಲವತ್ತೊಂದು ರಾತ್ರಿ. ಪ್ರತಿ ರಾತ್ರಿಗೂ ಅದೇ ಸಾಲು. 'ಹತ್ತು ನಲವತ್ತು. ನಾಲ್ಕನೇ ಕೋಣೆ ಬಡಿಯಿತು. ಒಳಗೆ ಹೋಗಲಿಲ್ಲ.' ಅಕ್ಷರ ದುಂಡಗಿತ್ತು.

ಆಂಬುಲೆನ್ಸ್ ಬರುವವರೆಗೂ ಬ್ರೀಜಿಯ ತಲೆ ಅವಳ ತೊಡೆಯ ಮೇಲಿತ್ತು. ಕೂತಲ್ಲಿಂದಲೇ ಕೋಣೆ ನೋಡಿದಳು. ತಪಾಸಣೆಯವರ ಕಣ್ಣು, ಸುಮ್ಮನಿರುವುದಿಲ್ಲ. ಬಟ್ಟೆಯ ಬೀರು. ಕುರ್ಚಿ. ಬ್ರೀಜಿ ಕುಡಿಯುವ ಪ್ಲಾಸ್ಟಿಕ್ ಬಟ್ಟಲು, ಅದೂ ಕಿಟಕಿಯ ಕಟ್ಟೆಯ ಮೇಲೆ. ಲೋಟ ಎಲ್ಲೂ ಇಲ್ಲ. ಹೀಟರು ಎದುರಿನ ಗೋಡೆಯಲ್ಲಿ. ಫೊನ್ಸಿ ಸತ್ತ ಮೇಲೆ ಮಂಚವನ್ನು ಈಚೆ ಗೋಡೆಗೆ ಸರಿಸಿದ್ದರು. ನಡುವೆ ಎಂಟು ಅಡಿ.

ಕೊಳವೆಯ ಬಿಳಿ ಬಣ್ಣ ಒಂದು ಕಡೆ ಎದ್ದು ಹೋಗಿತ್ತು. ಕೆಳಗೆ, ಗುಡಿಸಿ ಒರೆಸಿದ ನೆಲದ ಮೇಲೆ, ಏನೋ ಹೊಸದಾಗಿ ಉದುರಿತ್ತು. ಅವಳು ಅದನ್ನು ಗುಡಿಸಿ ಲಕೋಟೆಗೆ ಹಾಕಿಕೊಂಡಳು.

ಬ್ರೀಜಿ ಬದುಕಿದಳು. ಈಗ ಸರೋವರದ ಆಚೆ ಬೇರೆ ಮನೆಯಲ್ಲಿದ್ದಾಳೆ. ರಾತ್ರಿ ಇಬ್ಬರು ಎಚ್ಚರಿರುತ್ತಾರೆ. ಆ ಮನೆಗೆ ಬೀಗ ಬಿತ್ತು. ಕೋಲ್ಮನ್ ಹಸುಗಳ ಹತ್ತಿರ ವಾಪಸು ಹೋದ. ನೋರೀನ್ ವರದಿ ಬರೆದು ಕೆಲಸ ಬಿಟ್ಟಳು. ಹಿಂದಿನ ವರ್ಷ ತಾನು ಬರೆದ ಸಾಲನ್ನೂ ಅದರಲ್ಲಿ ಸೇರಿಸಿದಳು, ತನ್ನ ಹೆಸರಿನ ಸಮೇತ. ಸದ್ದಿನ ಬಗ್ಗೆ ಒಂದೇ ಮಾತು... 'ಬಡಿಯುವ ಸದ್ದು ಇಬ್ಬರಿಗೆ ಕೇಳಿಸಿತು. ಯಾರು ಬಡಿದದ್ದು ಎಂದು ತಿಳಿಯಲಿಲ್ಲ.'

ಅದೆಲ್ಲ ಅವಳು ಹೇಳಿದ್ದು. ಲಕೋಟೆ ನಾನು ನೋಡಿದ್ದು. ಒಲೆಯ ಮುಂದೆ ಬಿಚ್ಚಿ ನನ್ನ ಅಂಗೈಗೆ ಸುರಿದಳು. ಅಕ್ಕಿಯ ನುಚ್ಚಿನಷ್ಟು ಚೂರುಗಳು. ಎನಾಮಲ್. ನೀಲಿ.

ಫೊನ್ಸಿಯ ಗುಂಡಿ ತೋಡಿದವರಲ್ಲಿ ನಾನೊಬ್ಬ. ಪೆಟ್ಟಿಗೆ ಮುಚ್ಚುವ ಮೊದಲು ಟೆಸ್ಸಿ ಲೋಟವನ್ನು ನನ್ನ ಕೈಗೆ ಕೊಟ್ಟಳು. ಅವನ ಬಲಗೈಯಲ್ಲಿ ಇಟ್ಟೆ. ಮುಚ್ಚಳಕ್ಕೆ ಆರು ತಿರುಪು. ಆರನ್ನೂ ನಾನೇ ಬಿಗಿದೆ.