ಮೊದಲನೇ ಪಂಕ್ತಿ

ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಚೀಲ ನಡುವೆ ಇಟ್ಟುಕೊಂಡು ಇಬ್ಬರು ವಾದಕ್ಕೆ ಬಿದ್ದಿದ್ದರು. ಹೊಳೆ ಉಕ್ಕಿ ಮನೆ ಕಳಕೊಂಡವರ ನೆರವಿಗೆ ನಾಳೆ ರಾಣೆಬೆನ್ನೂರಿನಲ್ಲಿ ಔತಣ; ಚೀಲ ಅದರ ಅಡುಗೆಗೆ. ಊಟದ ಟಿಕೆಟ್ ಮಾರಿದವ ಅಂದಾನೆಪ್ಪ, ಪುಕ್ಕಟೆ ಅಡುಗೆ ಮಾಡುವವ ಹೋಟೆಲಿನ ಲೋಬ್ಸಾಂಗ್.

“ಮನಿ ಹೋದವರು ಮೊದಲನೇ ಪಂಕ್ತಿಗೆ ಕುಂದ್ರಲಿ, ಅಣ್ಣಾರ,” ಅಂದ ಲೋಬ್ಸಾಂಗ್.

“ರೊಕ್ಕ ಕೊಟ್ಟವರು ಬಾಗಲದಾಗ ನಿಂತು ನೋಡಬೇಕೇನು?”

“ನೋಡ್ಲಿ. ಇಲ್ಲಾಂದ್ರ ನಾ ಒಲಿ ಹಚ್ಚಂಗಿಲ್ಲ.”

“ಯಾರು ಕಲಿಸಿದ್ರೋ ನಿನಗ ಈ ಹಠಾ?”

“ನಿಮ್ಮವ್ವಾರು. ನಾ ಟಿಬೆಟ್ ಬಿಟ್ಟು ಓಡಿಬಂದ ವರ್ಷ ಸ್ವೆಟರ್ ಮಾರಕೋತ ನಿಮ್ಮ ಮನಿಗೆ ಬಂದಿದ್ದೆ. ‘ಮನಿ ಬಿಟ್ಟು ಬಂದಾಂವ ಮೊದಲ ಉಣ್ಲಿ’ ಅಂದು, ಮನಿಯವರನ್ನ ನಿಲ್ಲಿಸಿ ನನಗ ರೊಟ್ಟಿ ಹಾಕಿದ್ರು.”

ಅಂದಾನೆಪ್ಪ ಚೀಲದ ಬಾಯಿ ಬಿಗಿಯುತ್ತ ಅಂದ:

“ಅವತ್ತ ಹಸದು ನಿಂತಾಂವ ನಾನ.”

ರಾಣೆಬೆನ್ನೂರು ಬಸ್ಸು ಬಂತು. ಚೀಲಕ್ಕೆ ಅಂದಾನೆಪ್ಪನೇ ಕೈ ಹಾಕಿದ.

“ನಾಳೆನೂ ನಿಲ್ತೇನಿ. ನಡಿ.”