ಬಾಡಿಗೆಯವನ ಹೆಣ

ಉಪ್ಪಲ್‌ನ ಆಸ್ಪತ್ರೆಯೊಂದರಲ್ಲಿ ಲಿಫ್ಟ್‌ಗೆ ಕಾಯುತ್ತಿದ್ದೆ. ಪಕ್ಕದಲ್ಲೇ ಹನುಮಂತರಾಯರು ನೆರೆಮನೆಯ ವಿಶಾಲಾಕ್ಷಮ್ಮನನ್ನು ತಡೆದು ನಿಂತಿದ್ದರು. ರಾಯರ ಮನೆಯಲ್ಲಿ ಬಾಡಿಗೆಗಿದ್ದ ರಾಮದಾಸ ಆ ಬೆಳಿಗ್ಗೆ ತೀರಿಕೊಂಡಿದ್ದ.

“ಹೆಣ ಇಲ್ಲಿಂದ ಸೀದಾ ಸ್ಮಶಾನಕ್ಕ ಹೋಗ್ಲಿ. ನನ್ನ ಮನಿಗೆ ತರೂದು ಬ್ಯಾಡ.”

“ಹನ್ನೆರಡು ವರ್ಷ ನಿಮ್ಮನ್ನ ಕಾಕಾ ಅಂದಾಂವ್ರಿ ಅವ.”

“ಅಂದ್ರೇನಾತು? ಬಾಡಿಗಿಯಾಂವ, ಬಳಗ ಅಲ್ಲ. ಮನಿಗೆ ಸೂತಕ ಹತ್ತತೈತಿ.”

“ಮಸ್ಕತ್‌ನಾಗ ನಮ್ಮ ಯಜಮಾನ್ರು ಸತ್ತಾಗ ಯಾವ ಬಳಗ ಇತ್ರಿ? ಎದುರು ಮನಿ ಪಠಾಣ ಹೆಗಲು ಕೊಟ್ಟ. ಅವನ ಹೆಂಡತಿ ನಾಲ್ಕು ದಿನ ನನ್ನ ಮಕ್ಕಳಿಗೆ ಉಣಿಸಿದ್ಲು.”

“ಅದು ಪರದೇಶ. ಅಲ್ಲಿ ಎಲ್ಲಾ ನಡೀತೈತಿ.”

“ಹೌದ್ರಿ. ಮಂದಿ ಅಂದ್ರ ಏನು ಅಂತ ಕಲಿಯಾಕ ಅಷ್ಟು ದೂರ ಹೋಗಬೇಕಾತು. ಹೆಣ ನನ್ನ ಪಡಸಾಲಿಗೆ ಬರತೈತಿ. ರಾಮದಾಸನ ಹೆಂಡತಿ ಕೈಯಾಗ ಕೀಲಿ ಕೊಟ್ಟೀನಿ.”

“ನೋಡೂಣು, ಓಣ್ಯಾಗ ಯಾರು ಹೆಗಲು ಕೊಡತಾರ.”

“ಮೂರು ಮಂದಿ ಬರತಾರ.”

“ನಾಲ್ಕನೇದಾಂವ?”

“ನಾನ.”

“ಹೆಣ್ಣುಮಕ್ಕಳ ಸೊಕ್ಕು ಸ್ಮಶಾನದಾಗ ನಡ್ಯಾಂಗಿಲ್ಲ, ಅಕ್ಕಾರ!”

“ಸ್ಮಶಾನದ್ದು ಆಮ್ಯಾಲೆ. ಮೊದಲು ನಿಮ್ಮ ಮನಿ ಮುಂದನ ಹಾಯತೀನಿ, ಬಾಗಲಾ ಹಾಕ್ಕೋರಿ. ಸರೀರಿ, ಲಿಫ್ಟ್ ಬಂತು.”

ಆಕೆ ಒಳಹೊಕ್ಕರು. ರಾಯರು ಮೆಟ್ಟಿಲಿಳಿದು ಹೋದರು.