ತೊಲೆಗೆ ಕಟ್ಟಿದ ಜೋಕಾಲಿ

ವೇದಿಕೆಯಲ್ಲಿರುವ ಅಧ್ಯಕ್ಷರೇ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬಂದಿರುವ ಅತಿಥಿಗಳೇ, ಆಟಗಾರರೇ, ಮುಂದಿನ ಸಾಲಿನ ಕುರ್ಚಿಗಳನ್ನು ಬಿಟ್ಟು ನೆಲದ ಮೇಲೆಯೇ ಕೂತಿರುವ ನಮ್ಮ ಓಣಿಯ ತಾಯಂದಿರೇ, ಸಿಂದಗಿಯ ಸಮಸ್ತ ಸಭಿಕರೇ,

ಇವತ್ತು ಬೆಳಿಗ್ಗೆ ನಾನು ಈ ಒಳಾಂಗಣ ಕ್ರೀಡಾಂಗಣದೊಳಗೆ ಬಂದಾಗ ಆಟದ ಅಂಕಣದ ನಟ್ಟನಡುವೆ, ಹೊಳೆಯುವ ಮರದ ನೆಲದ ಮೇಲೆ, ಹಗ್ಗದ ನಾರಿನ ಎರಡು ಎಳೆ ಬಿದ್ದಿದ್ದವು. ಬಗ್ಗಿ ಎತ್ತಿಕೊಂಡೆ. ಈಗಲೂ ನನ್ನ ಕೈಚೀಲದಲ್ಲಿವೆ. ಇಲ್ಲಿ ಚೆಂಡು ಇರುತ್ತದೆ, ಬಲೆ ಇರುತ್ತದೆ, ಸಂಗೀತ ಸಂಜೆಯ ಮರುದಿನ ಹೂವಿನ ಪಕಳೆಯೂ ಇರುತ್ತದೆ. ಹಗ್ಗದ ನಾರಿಗೆ ಇಲ್ಲೇನು ಕೆಲಸ? ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಾನು ಯಾರೆಂದು ಹೇಳಬೇಕು.

ನನ್ನ ಹೆಸರು ರಾಜಶ್ರೀ. ನಿಮ್ಮಲ್ಲಿ ಹೆಚ್ಚಿನವರು ನನ್ನ ಮುಖ ನೋಡಿಲ್ಲ. ಆದರೆ ದನಿ ಗೊತ್ತು. “ಮುಂದಿನ ಪಂದ್ಯ ಇಂಡಿ ಮತ್ತು ಮುದ್ದೇಬಿಹಾಳ ತಂಡಗಳ ನಡುವೆ” ಎನ್ನುವುದು, “ಬಿಳಿ ಕಾರಿನವರು ದಯವಿಟ್ಟು ಬಾಗಿಲು ಬಿಟ್ಟು ನಿಲ್ಲಿಸಿ” ಎನ್ನುವುದು ನಾನೇ. ಒಂದು ವರ್ಷದಿಂದ ಆ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದೇನೆ. ಬಿಳಿ ಕಾರಿನವರು ಮಾತ್ರ ಇವತ್ತೂ ಅಲ್ಲೇ ನಿಲ್ಲಿಸಿದ್ದಾರೆ.

ಕನ್ನಡ ಸಾಹಿತ್ಯ ಓದಿದವಳು ನಾನು. ನಾಲ್ಕು ಜನರೆದುರು ನಿಂತರೆ ಓದಿದ್ದೆಲ್ಲ ಮರೆತುಹೋಗುತ್ತದೆ. ಕೆಲಸ ಕೇಳಲು ಬಂದ ದಿನ ಇಲ್ಲಿನ ವ್ಯವಸ್ಥಾಪಕರಾದ ಶ್ರೀಶೈಲಪ್ಪ ಸರ್ ಏನೇನೋ ಕೇಳಿದರು. ನಾನು ನೆಲ ನೋಡುತ್ತ ನಿಂತಿದ್ದೆ. ಕೊನೆಗೆ ಅವರು, “ತಂಗಿ, ಮಂದಿ ಮುಂದ ಮಾತಾಡಾಕ ಅಂಜಿಕಿ ಬರ್ತೈತೇನು? ಹಂಗಾದ್ರ ಮ್ಯಾಲ ಗಾಜಿನ ಖೋಲಿ ಐತಿ. ಅಲ್ಲಿ ಕುಂತು ಮಾತಾಡು. ನೀ ಅವರನ್ನ ನೋಡ್ತಿ, ಅವರು ನಿನ್ನ ನೋಡಂಗಿಲ್ಲ” ಅಂದರು. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಎಲ್ಲಿ ಸಿಕ್ಕೀತು? ಒಮ್ಮೆ ಬಸ್ಸಿನಲ್ಲಿ “ಯಂಕಂಚಿಗೆ ಒಂದು” ಎಂದು ಟಿಕೆಟ್ ಕೇಳಿದೆ. ಕಂಡಕ್ಟರ್ ತಿರುಗಿ, “ಅಕ್ಕಾರ, ನೀವು ಮೈಕಿನ್ಯಾಗ ಇರ್ತೀರಲ್ರಿ?” ಅಂದರು. ಮೈಕಿನಲ್ಲೇ ಇರುತ್ತೇನೆ, ನಿಜ.

ಈ ಒಂದು ವರ್ಷದಲ್ಲಿ ಆ ಕೋಣೆಯಿಂದ ಏನೇನು ನೋಡಲಿಲ್ಲ ನಾನು! ಬಾಗೇವಾಡಿಯ ಹುಡುಗಿಯರು ಕಬಡ್ಡಿ ಗೆದ್ದು ಕುಣಿದದ್ದನ್ನು ನೋಡಿದೆ. ಸೋತ ತಂಡದವರು ಅವರ ಜೊತೆಯೇ ಕೂತು ಚುರುಮರಿ ತಿಂದದ್ದನ್ನು ನೋಡಿದೆ. ಹೊರಗೆ ಬಿರುಬಿಸಿಲಿರುವಾಗ ಒಳಗೆ ತಣ್ಣಗೆ ಕೂತು ಚಪ್ಪಾಳೆ ತಟ್ಟುವ ಸುಖ ನಮ್ಮ ಕಡೆಯವರಿಗೂ ಬಂತಲ್ಲ ಎಂದು ಹಿಗ್ಗಿದೆ. ಇದು ನಮ್ಮೂರಿನ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಜಾಗದಲ್ಲಿ ಮೊದಲು ಒಂದು ಬೇವಿನ ಮರವಿತ್ತು. ನಾಗರ ಪಂಚಮಿ ಬಂತೆಂದರೆ ನಮ್ಮ ಓಣಿಯ ಹೆಂಗಸರ ಜೋಕಾಲಿ ಆ ಮರಕ್ಕೇ. ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ ಶೇವಂತೆವ್ವ, ಮತ್ತು ಪಕ್ಕದ ಮನೆಯ ಮಾಬುಬಿ ಆಯಿ ಒಂದೇ ಹಲಗೆಯ ಮೇಲೆ ಎದುರುಬದುರು ನಿಂತು ಜೀಕುತ್ತಿದ್ದರು. ಮದುವೆಯಾಗಿ ಈ ಓಣಿಗೆ ಬಂದ ವರ್ಷದಿಂದ ಇಬ್ಬರದೂ ಜೋಡಿ. ಸೆರಗು ಸೊಂಟಕ್ಕೆ ಬಿಗಿದು ಅವರು ಮೇಲೆ ಹೋದರೆ ನಾವು ಮಕ್ಕಳು ಬಾಯಿ ತೆರೆದು ನೋಡುತ್ತಿದ್ದೆವು. ನಾನು ಒಮ್ಮೆ ಕೂತು ಕಿರುಚಿ ಇಳಿದವಳು ಮತ್ತೆ ಹತ್ತಲಿಲ್ಲ. ಬೇರಿನ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದೆ. ಒಳ್ಳೆಯ ಕೆಲಸವದು. ಎಲ್ಲರೂ ಕಾಣುತ್ತಾರೆ, ಯಾರೂ ನಮ್ಮನ್ನು ನೋಡುವುದಿಲ್ಲ. ಇದನ್ನು ಯಾಕೆ ಹೇಳಿದೆನೋ, ಇರಲಿ.

ಮರ ಕಡಿಯುವ ದಿನ ಇಬ್ಬರು ಆಯಂದಿರೂ ಬಂದು ನಿಂತಿದ್ದರು. ಆಗ ಕಟ್ಟಡದ ಉಸ್ತುವಾರಿ ನೋಡುತ್ತಿದ್ದವರು ಶ್ರೀಶೈಲಪ್ಪ ಸರ್. ಸಮಾಧಾನಕ್ಕೆಂದು, “ಆಯಿ, ಚಿಂತಿ ಮಾಡಬ್ಯಾಡ್ರಿ, ಒಳಗ ಎಲ್ಲಾರಿಗೂ ಜಾಗ ಐತ್ರಿ” ಅಂದುಬಿಟ್ಟರು. ಸಮಾಧಾನದ ಮಾತನ್ನು ಯಾರು ನೆನಪಿಡುತ್ತಾರೆ ಎಂದುಕೊಂಡಿರಬೇಕು. ನಮ್ಮ ಆಯಿಯನ್ನು ಅವರಿಗೆ ಆಗ ಗೊತ್ತಿರಲಿಲ್ಲ.

ಆಮೇಲೆ ಬಂದ ಪಂಚಮಿಗಳಲ್ಲಿ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಎಲ್ಲ ಆದವು. ಜೋಕಾಲಿ ಮಾತ್ರ ಇಲ್ಲ. ಕಳೆದ ವರ್ಷ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಎದುರುಬದುರು ಕೂತಿದ್ದರು. ಆಯಿ ಉಂಡಿ ಮುರಿದು ಅರ್ಧ ಕೊಡುತ್ತ, “ಈ ಸಲಾನೂ ಕಾಲು ನೆಲಾ ಬಿಡಲಿಲ್ಲ ನೋಡ, ಮಾಬುಬಿ” ಅಂದಳು. ಮಾಬುಬಿ ಆಯಿ ತಮ್ಮ ಪಾಲಿನ ಉಂಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಮೊನ್ನೆ ಬೇಸಿಗೆಯಲ್ಲಿ ಇಲ್ಲಿ ದೊಡ್ಡ ಸಂಗೀತ ಸಂಜೆ ಆಯಿತಲ್ಲ, ಇಬ್ಬರನ್ನೂ ಕರೆತಂದಿದ್ದೆ. ಎಲ್ಲರೂ ವೇದಿಕೆ ನೋಡುತ್ತಿದ್ದರೆ ಇವರಿಬ್ಬರೂ ಕತ್ತೆತ್ತಿ ಛಾವಣಿ ನೋಡುತ್ತಿದ್ದರು. “ಹಾಡು ಹೆಂಗಿತ್ತು ಆಯಿ?” ಅಂದೆ. “ಹಾಡಿಂದೇನ ಬಿಡು. ಆ ಕಬ್ಬಿಣದ ತೊಲಿ ನೋಡಿದಿಯಿಲ್ಲ?” ಅಂದಳು.

ಮರುದಿನ ಓಣಿಯ ಹೆಂಗಸರೆಲ್ಲ ಸರ್ ಅವರ ಮೇಜಿನ ಮುಂದೆ. ಮೊದಲು ಮಾತೆತ್ತಿದವಳು ನಮ್ಮ ಆಯಿ.

“ಸಾಹೇಬ್ರ, ಒಳಗ ಜಾಗ ಐತಿ ಅಂದಿದ್ರಿ. ಕೇಳಾಕ ಬಂದೇವಿ.”

“ಆಯಿ, ಇದು ಆಟದ ಮನಿ ಐತ್ರಿ.”

ಮಾಬುಬಿ ಆಯಿ ಮುಂದೆ ಬಂದರು. “ಜೋಕಾಲಿ ಆಡೂದು ಆಟ ಅಲ್ದ ಮತ್ತ ಕಚೇರಿ ಕೆಲಸೇನ್ರಿ?”

“ಹಂಗಲ್ರೀ ತಾಯಿ. ಯಾರರ ಬಿದ್ರ ಹೆಂಗ?”

“ನಿನ್ನಿ ಆ ಹಾಡವ್ರ ಕರಿ ಪೆಟಗಿ ತೂಗ ಹಾಕಿದ್ರಲ್ಲ, ಅವು ನನಕಿಂತ ದಪ್ಪ ಇದ್ದು. ಅವು ಬಿದ್ದಾವೇನು?” ಎಂದಳು ನಮ್ಮ ಆಯಿ.

ಸರ್ ನಕ್ಕರು. ಅವರ ಅಂಜಿಕೆಯೂ ಸುಳ್ಳಲ್ಲ. ಯಾರಿಗಾದರೂ ಪೆಟ್ಟಾದರೆ ಉತ್ತರ ಹೇಳಬೇಕಾದವರು ಅವರೇ ತಾನೇ? “ವಾರ್ಷಿಕೋತ್ಸವದ ದಿನ ಹೇಳತೇನಿ, ಈಗ ಹೋಗಿ ಬರ್ರಿ” ಎಂದು ಕಳಿಸಿದರು. ವಾರ್ಷಿಕೋತ್ಸವ ಇವತ್ತು. ಪಂಚಮಿ ಮುಂದಿನ ತಿಂಗಳು. ತಾಯಂದಿರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿರುವುದು ನನ್ನ ಭಾಷಣ ಕೇಳಲಿಕ್ಕಲ್ಲ. ನನ್ನ ನಂತರ ಮಾತಾಡಲಿರುವವರು ಶ್ರೀಶೈಲಪ್ಪ ಸರ್.

ಈಗ ಆ ಹಗ್ಗದ ನಾರು. ಬೆಳಿಗ್ಗೆ ಅದನ್ನು ಎತ್ತಿಕೊಂಡು ನಾನು ಮೈಕು ಸರಿಯಿದೆಯೇ ನೋಡಲು ಮೇಲೆ ಹೋದೆ. ದೀಪ ಹಾಕಿರಲಿಲ್ಲ. ಅಷ್ಟರಲ್ಲಿ ಸರ್ ಒಳಗೆ ಬಂದರು. ಹೆಗಲ ಮೇಲೆ ಹಗ್ಗ, ಕೈಯಲ್ಲಿ ಹಲಗೆ. ನಿನ್ನೆಯೂ ಒಮ್ಮೆ ಕಟ್ಟಿ ನೋಡಿದ್ದರೇನೋ. ಧ್ವನಿವರ್ಧಕದ ಕರಿ ಪೆಟ್ಟಿಗೆಗಳನ್ನು ತೂಗುಹಾಕುವ ಸರಪಳಿ ಇಳಿಸಿ, ಅದರ ಕೊಂಡಿಗೆ ಹಗ್ಗ ಬಿಗಿದರು. ಹಲಗೆಯ ಮೇಲೆ ಜೋಳದ ಚೀಲ ಹೇರಿ ತೂಗಿದರು. ತೊಲೆಯ ಕಡೆ ನೋಡಿದರು. ಇನ್ನೊಂದು ಚೀಲ ಹೇರಿ ಮತ್ತೆ ತೂಗಿದರು. ಆಮೇಲೆ ಚೀಲಗಳನ್ನು ಇಳಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡು, ತಾವೇ ಕೂತರು. ಒಂದು ಸಲ ಜೀಕಿದರು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅವರು ನಿಲ್ಲಿಸಲಿಲ್ಲ.

ಸರ್, ಕ್ಷಮಿಸಿ. ನಿಮ್ಮನ್ನು ಕೇಳದೆ ಹೇಳಿಬಿಟ್ಟೆ. ಗಾಜಿನ ಕೋಣೆಯಲ್ಲಿ ಕೂತರೆ ಕೆಳಗಿನವರು ನನ್ನನ್ನು ನೋಡುವುದಿಲ್ಲ ಎಂದು ನೀವೇ ಹೇಳಿದ್ದಿರಿ.

ಸರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಾರೆ, ನಗುವಿಗೆ ಹೆಗಲು ಮಾತ್ರ ಕುಣಿಯುತ್ತಿದೆ. ಅಧ್ಯಕ್ಷರು ಅವರ ಬೆನ್ನು ತಟ್ಟಿ ಹೌದೆಂದು ತಲೆಯಾಡಿಸುತ್ತಿದ್ದಾರೆ. ಸರ್ ಕೂಡ ತಲೆಯಾಡಿಸಿದರು. ತಾಯಂದಿರೇ, ನಿಮಗೂ ಕಾಣಿಸಿತಲ್ಲವೇ? ಮಾಬುಬಿ ಆಯಿ, ಸೆರಗು ಈಗಲೇ ಬಿಗಿಯಬೇಡಿ, ಇನ್ನೂ ತಿಂಗಳಿದೆ. ಉಂಡಿ ಮಾತ್ರ ಹೊರಗೇ ತಿನ್ನೋಣ, ಈ ನೆಲಕ್ಕೆ ಎಣ್ಣೆ ತಾಗಬಾರದು.

ಇನ್ನೊಂದೇ ಮಾತು. ಬೆಳಿಗ್ಗೆ ಕತ್ತಲ ಕೋಣೆಯಲ್ಲಿ ಕೂತು ನೋಡುವಾಗಲೇ ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಯಾರಿಗೂ ಹೇಳಿರಲಿಲ್ಲ. ಪಂಚಮಿಯ ದಿನ ಗಾಜಿನ ಕೋಣೆಗೆ ದಯವಿಟ್ಟು ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಚಪ್ಪಲಿ ಕಾಯಲಿಕ್ಕೂ. ಆಯಿ, ನಿಮ್ಮಿಬ್ಬರದಾದ ಮೇಲೆ ಹಲಗೆ ನನಗೆ ಬಿಡಬೇಕು. ಕಿರುಚಿದರೂ ಇಳಿಸಬೇಡ.

ಇಷ್ಟು ಹೊತ್ತು ನನ್ನ ಮುಖ ನೋಡುತ್ತ ನನ್ನ ಮಾತು ಕೇಳಿದ ನಿಮಗೆಲ್ಲರಿಗೂ ಋಣಿ. ನಮಸ್ಕಾರ.